ವಿಶ್ವವಿದ್ಯಾನಿಲಯದ ಕೊಳಗ ಯಾರ ಕೈಯಲ್ಲಿ?

(ಅಧ್ಯಾಪಕರು, ವಿದ್ಯಾರ್ಥಿಗಳು ಹಾಗೂ ರೈತ ಕಾರ್ಯಕರ್ತರು ಕೂಡಿದ್ದ ಅಧ್ಯಯನ ಶಿಬಿರದಲ್ಲಿ ಮಾಡಿದ ಭಾಷಣ)



ನಮಗೆ ಈ ದಿನ ಒಪ್ಪಿಸಿರುವ ವಿಷಯ ‘ವಿಶ್ವವಿದ್ಯಾನಿಲಯ ಮತ್ತು ಜನತೆ’. ಇದರ ಮೇಲೆ ಮಾತನಾಡುವುದು ಬಹಳ ಸುಲಭ. ವಿದ್ಯೆ ಜನರ ಬಳಿಗೆ ಹೋಗಬೇಕು ಎಂದರೆ ಒಪ್ಪದವರು ಯಾರೂ ಇಲ್ಲ. ಘಟಿಕೋತ್ಸವದ ಭಾಷಣಗಳಲ್ಲಿ ಪ್ರತಿವರ್ಷವೂ ಈ ಮಾತು ಬರುತ್ತದೆ, ಚಪ್ಪಾಳೆ ಬೀಳುತ್ತದೆ. ಗೌನು ಕಳಚಿಟ್ಟ ಮೇಲೆ ಮಾತೂ ಅದರ ಜೊತೆಯಲ್ಲೇ ಪೆಟ್ಟಿಗೆ ಸೇರುತ್ತದೆ. ಎಲ್ಲರೂ ಒಪ್ಪಿದ ಮಾತು ಏಕೆ ನಡೆಯುತ್ತಿಲ್ಲ ಎಂಬುದೇ ನಾವು ಕೇಳಿಕೊಳ್ಳಬೇಕಾದ ಪ್ರಶ್ನೆ.

ಈ ಜಿಲ್ಲೆಯವರಿಗೆ ಉತ್ತರವನ್ನು ತಿಳಿಸಲು ಒಂದು ವಸ್ತು ಸಾಕು. ಅದು ಕೊಳಗ. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನ ಗೇಣಿದಾರರು ಸತ್ಯಾಗ್ರಹ ಹೂಡಿದರು. ಎಚ್. ಗಣಪತಿಯಪ್ಪನವರು, ಶಾಂತವೇರಿ ಗೋಪಾಲಗೌಡರು ಅದರಲ್ಲಿ ದುಡಿದರು. ಡಾ. ರಾಮಮನೋಹರ ಲೋಹಿಯಾ ಇಲ್ಲಿಗೆ ಬಂದು ಸೆರೆಯಾದರು. ಹೊರಗಿನವರು ಅದನ್ನು ಭೂಮಿಯ ಹೋರಾಟ ಎನ್ನುತ್ತಾರೆ. ಅದು ನಿಜವೇ. ಆದರೆ ಜಗಳದ ಮೊಳಕೆ ಇದ್ದದ್ದು ಅಳತೆಯಲ್ಲಿ. ಗೇಣಿಯ ಭತ್ತವನ್ನು ಅಳೆಯುವ ಕೊಳಗ ಒಡೆಯರ ಮನೆಯದು, ಅದರ ಗಾತ್ರ ದೊಡ್ಡದು. ರೈತನು ಎಷ್ಟೇ ಬೆವರು ಸುರಿಸಿ ಬೆಳೆದರೂ ಆ ಕೊಳಗದ ಬಾಯಲ್ಲಿ ಅವನ ಪಾಲು ಕರಗುತ್ತಿತ್ತು. ಒಡೆಯರು ಒಳ್ಳೆಯವರೋ ಕೆಟ್ಟವರೋ ಎಂಬುದು ಆಗ ಮುಖ್ಯವಾಗಲಿಲ್ಲ. ಅವರ ಸವಿಮಾತಿನಿಂದ ಕೊಳಗದ ಗಾತ್ರ ಕಿರಿದಾಗುವುದಿಲ್ಲ ಎಂಬುದನ್ನು ಗೇಣಿದಾರರು ಅರಿತರು.

ವಿಶ್ವವಿದ್ಯಾನಿಲಯದಲ್ಲೂ ಹೀಗೊಂದು ಕೊಳಗವಿದೆ. ಅಧ್ಯಾಪಕನ ದುಡಿಮೆಯನ್ನು ಅಳೆಯುವುದು ಅದರಲ್ಲೇ. ಆ ಕೊಳಗ ಬದಲಾಗದೆ ಎಷ್ಟು ಭಾಷಣ ಮಾಡಿದರೂ ವಿದ್ಯೆ ಜನರ ಕಡೆಗೆ ತಿರುಗುವುದಿಲ್ಲ. ನಾವು ಹೇಳಬೇಕೆಂದಿರುವುದು ಇಷ್ಟೇ. ಉಳಿದದ್ದು ಇದರ ವಿವರಣೆ.

ಮೂರನೆಯ ಅಂಗ

ನಮ್ಮ ನಾಡಿನಲ್ಲಿ ಈ ವಿಚಾರ ಹೊಸದೇನೂ ಅಲ್ಲ. ಮೈಸೂರು ವಿಶ್ವವಿದ್ಯಾನಿಲಯ ಹುಟ್ಟಿದ್ದು 1916ರಲ್ಲಿ. ಎರಡೇ ವರ್ಷಕ್ಕೆ, 1918ರಲ್ಲಿ, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರು ಗೆಳೆಯರೊಡನೆ ‘ವಿಜ್ಞಾನ’ ಎಂಬ ಮಾಸಪತ್ರಿಕೆಯನ್ನು ಕನ್ನಡದಲ್ಲಿ ಹೊರಡಿಸಿದರು. ಪಾರಿಭಾಷಿಕ ಪದಗಳೇ ಇಲ್ಲದ ಕಾಲ ಅದು. ಪದಗಳು ಹುಟ್ಟಲಿ, ಆಮೇಲೆ ಬರೆಯೋಣ ಎಂದು ಅವರು ಕಾಯಲಿಲ್ಲ. ಬರೆಯುತ್ತಾ ಪದಗಳನ್ನು ಹುಟ್ಟಿಸಿದರು. ಮರುವರ್ಷ ಅದೇ ಕಾಲೇಜಿನ ಕರ್ನಾಟಕ ಸಂಘದಿಂದ ‘ಪ್ರಬುದ್ಧ ಕರ್ನಾಟಕ’ ಹೊರಟಿತು. ಮುಂದೆ ಪ್ರಾಧ್ಯಾಪಕರು ಊರೂರಿಗೆ ಹೋಗಿ ಪ್ರಚಾರೋಪನ್ಯಾಸ ಮಾಡುವ ಪದ್ಧತಿ ಬೆಳೆಯಿತು. ಆ ಉಪನ್ಯಾಸಗಳು ಕಡಿಮೆ ಬೆಲೆಯ ಪುಸ್ತಿಕೆಗಳಾಗಿ ಹಳ್ಳಿಯ ಶಾಲಾ ಮೇಷ್ಟರ ಕೈಗೂ ಬಂದವು.

ಅದೇ 1918ರಲ್ಲಿ, ಭೂಮಿಯ ಆಚೆ ಮಗ್ಗುಲಿನ ಅರ್ಜೆಂಟೈನಾದ ಕಾರ್ಡೋಬಾ ನಗರದಲ್ಲಿ ವಿದ್ಯಾರ್ಥಿಗಳು ದಂಗೆ ಎದ್ದರು. ವಿಶ್ವವಿದ್ಯಾನಿಲಯದ ಆಡಳಿತದಲ್ಲಿ ತಮಗೆ ಪಾಲು ಬೇಕು, ವಿದ್ಯೆ ಗೋಡೆಯ ಹೊರಗಿನ ದುಡಿಯುವ ಜನಕ್ಕೂ ಸಲ್ಲಬೇಕು ಎಂದು ಕೇಳಿದರು. ಆ ಚಳವಳಿ ದಕ್ಷಿಣ ಅಮೆರಿಕದ ದೇಶದೇಶಕ್ಕೆ ಹಬ್ಬಿತು. ಬೆಳ್ಳಾವೆಯವರಿಗೂ ಆ ಹುಡುಗರಿಗೂ ಪರಸ್ಪರ ಪರಿಚಯವಿರಲಿಲ್ಲ. ಹಸಿವು ಮಾತ್ರ ಒಂದೇ ಆಗಿತ್ತು.

ಈ ಎಲ್ಲ ಯತ್ನಗಳಿಗೆ ನಮ್ಮಲ್ಲಿ ಸ್ಥಿರವಾದ ರೂಪ ಕೊಟ್ಟವರು ಕುವೆಂಪು. 1956ರಿಂದ 1960ರವರೆಗೆ ಅವರು ಮೈಸೂರು ವಿಶ್ವವಿದ್ಯಾನಿಲಯದ ಉಪಕುಲಪತಿಗಳಾಗಿದ್ದರು. ಕಲಿಸುವುದು ಒಂದು ಅಂಗ, ಸಂಶೋಧಿಸುವುದು ಇನ್ನೊಂದು ಅಂಗ, ಕಲಿತು ಕಂಡುದನ್ನು ಜನಕ್ಕೆ ಮುಟ್ಟಿಸುವುದು ಮೂರನೆಯ ಅಂಗ ಎಂದು ಅವರು ವಿಂಗಡಿಸಿದರು. ಮೂರನೆಯದಕ್ಕೆ ಪ್ರಸಾರಾಂಗ ಎಂದು ಹೆಸರಾಯಿತು. ಧಾರವಾಡದ ಕರ್ನಾಟಕ ವಿಶ್ವವಿದ್ಯಾನಿಲಯದ ಪ್ರಸಾರಾಂಗದಲ್ಲಿ ಚೆನ್ನವೀರ ಕಣವಿಯವರು ಬಹುಕಾಲ ದುಡಿದರು. ‘ಅಂಗ’ ಎಂಬ ಮಾತನ್ನು ಗಮನಿಸಿ. ಅಂಗವೆಂದರೆ ಶರೀರದ ಭಾಗ. ಬೇಕಾದಾಗ ತೊಟ್ಟು ಬೇಡವಾದಾಗ ತೆಗೆದಿಡಲು ಅದು ಅಂಗಿಯಲ್ಲ.

ಆದರೆ ಕಾಲಕ್ರಮದಲ್ಲಿ ಆದದ್ದೇನು? ಎಷ್ಟೋ ಕಡೆ ಮೂರನೆಯ ಅಂಗ ಒಂದು ಪುಸ್ತಕದ ಉಗ್ರಾಣವಾಯಿತು. ಅಚ್ಚಾದ ಪುಸ್ತಕಗಳು ಕಟ್ಟು ಬಿಚ್ಚದೆ ಕುಳಿತವು. 1969ರಲ್ಲಿ ರಾಷ್ಟ್ರೀಯ ಸೇವಾ ಯೋಜನೆ ಬಂದಿತು. 1977ರಲ್ಲಿ ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವೇ, ಬೋಧನೆ ಮತ್ತು ಸಂಶೋಧನೆಗಳ ಸರಿಸಮವಾಗಿ ವಿಸ್ತರಣ ಕಾರ್ಯವೂ ಮೂರನೆಯ ಹೊಣೆ ಎಂದು ಸಾರಿತು. 2014ರಲ್ಲಿ ಉನ್ನತ ಭಾರತ ಅಭಿಯಾನ ಬಂದು, ವಿದ್ಯಾಸಂಸ್ಥೆಗಳು ಹಳ್ಳಿಗಳನ್ನು ದತ್ತು ತೆಗೆದುಕೊಳ್ಳಲಿ ಎಂದಿತು. ಘೋಷಣೆಗಳಿಗೆ ಬರವಿಲ್ಲ.

ದತ್ತು ಎಂಬ ಮಾತಿನ ಬಗ್ಗೆ ಎರಡು ಮಾತು ಹೇಳಬೇಕು. ಹಳ್ಳಿ ಅನಾಥ ಶಿಶುವೇ? ಬೆಂಕಿಪೆಟ್ಟಿಗೆಗೂ ಸೋಪಿಗೂ ತೆರಿಗೆ ತೆತ್ತು, ವಿಶ್ವವಿದ್ಯಾನಿಲಯದ ಕಟ್ಟಡವನ್ನೂ ಪ್ರಾಧ್ಯಾಪಕರ ಸಂಬಳವನ್ನೂ ಹೊತ್ತವರಲ್ಲಿ ಹಳ್ಳಿಯವರೂ ಇದ್ದಾರೆ. ಸಾಕಿದ ತಾಯಿಯನ್ನೇ ದತ್ತು ತೆಗೆದುಕೊಳ್ಳುತ್ತೇನೆ ಎನ್ನುವ ಮಗನಿಗೆ ಏನೆನ್ನಬೇಕು?

ಅಳತೆಯ ಮಾತು

ಈಗ ಕೊಳಗಕ್ಕೆ ಬರೋಣ. 2010ರ ನಿಯಮಾವಳಿಯಲ್ಲಿ ಅಧ್ಯಾಪಕರ ಬಡ್ತಿಗೆ ಅಂಕಗಳ ಲೆಕ್ಕ ಬಂದಿತು, 2018ರಲ್ಲಿ ಅದು ಬೇರೆ ರೂಪ ತಾಳಿತು. ವಿಸ್ತರಣ ಕಾರ್ಯಕ್ಕೂ ಅದರಲ್ಲೊಂದು ಸಣ್ಣ ಅಂಕಣವಿತ್ತು ಎಂಬುದನ್ನು ನಾವು ಮರೆಮಾಚುವುದಿಲ್ಲ. ಆದರೆ ತಕ್ಕಡಿಯ ಭಾರವೆಲ್ಲ ಬಿದ್ದದ್ದು ಪ್ರಕಟವಾದ ಸಂಶೋಧನ ಲೇಖನಗಳ ಮೇಲೆ. ಇಬ್ಬರು ಅಧ್ಯಾಪಕರನ್ನು ಊಹಿಸಿಕೊಳ್ಳಿ. ಒಬ್ಬರು ಇಂಗ್ಲಿಷಿನಲ್ಲಿ ಹತ್ತು ಲೇಖನ ಬರೆದರು. ಅವುಗಳನ್ನು ಓದಿದವರು ಎಷ್ಟು ಮಂದಿಯೋ, ಕೇಳುವವರಿಲ್ಲ. ಇನ್ನೊಬ್ಬರು ಮೂರು ವರ್ಷ ಊರೂರು ಸುತ್ತಿ, ಅಡಿಕೆಯ ಎಲೆಚುಕ್ಕಿ ರೋಗದ ಬಗ್ಗೆ ರೈತರಿಗೆ ಅರ್ಥವಾಗುವ ಅರವತ್ತು ಪುಟದ ಕನ್ನಡ ಪುಸ್ತಿಕೆ ಬರೆದರು. ಸಾವಿರಾರು ಜನ ಓದಿದರು, ತಪ್ಪು ತೋರಿಸಿದರು, ತಿದ್ದಿಸಿದರು. ಬಡ್ತಿಯ ದಿನ ಮೊದಲನೆಯವರ ಕೊಳಗ ತುಂಬಿ ತುಳುಕುತ್ತದೆ, ಎರಡನೆಯವರದು ತಳ ಮುಚ್ಚುವುದಿಲ್ಲ. ಎರಡನೆಯವರನ್ನು ನೋಡಿ ಮೂರನೆಯ ಕಿರಿಯ ಅಧ್ಯಾಪಕ ಬುದ್ಧಿ ಕಲಿಯುತ್ತಾನೆ. ಸಂಸ್ಥೆಯ ಸಂಸ್ಕೃತಿ ಎನ್ನುವುದು ಹುಟ್ಟುವುದು ಹೀಗೆಯೇ. ಗೋಡೆಯ ಮೇಲೆ ಬರೆದ ಧ್ಯೇಯವಾಕ್ಯದಿಂದ ಅದು ಹುಟ್ಟುವುದಿಲ್ಲ.

ಅಳೆಯಲೇಬೇಕಾದಾಗ ಅಳೆಯುವ ಬಗೆಯೂ ವಿಚಿತ್ರ. ಪರಿಶೀಲನಾ ತಂಡ ಬರುತ್ತದೆಂದರೆ ಕಡತಗಳು ಸಿದ್ಧವಾಗುತ್ತವೆ. ಎಷ್ಟು ಶಿಬಿರ, ಎಷ್ಟು ಗಿಡ, ಎಷ್ಟು ಜಾಥಾ, ಎಷ್ಟು ಛಾಯಾಚಿತ್ರ. ಹುಡುಗರು ಏಳು ದಿನ ಹಳ್ಳಿಯ ಶಾಲೆಯಲ್ಲಿ ಮಲಗಿ, ಚರಂಡಿ ತೆಗೆದು, ಕೊನೆಯ ರಾತ್ರಿ ನಾಟಕವಾಡಿ ಹಿಂದಿರುಗುತ್ತಾರೆ. ಆ ಹುಡುಗರ ಶ್ರಮವನ್ನು ನಾವು ಹಗುರ ಮಾಡುವುದಿಲ್ಲ. ಆದರೆ ಚರಂಡಿ ತೆಗೆದ ವಿದ್ಯಾರ್ಥಿಗೆ, ಈ ಊರಿನ ಚರಂಡಿ ದಲಿತ ಕೇರಿಯ ಕಡೆಗೇ ಏಕೆ ಹರಿಯುತ್ತದೆ ಎಂಬ ಪ್ರಶ್ನೆ ತರಗತಿಗೆ ಹಿಂದಿರುಗಿದ ಮೇಲೆ ಎದುರಾಗುತ್ತದೆಯೇ? ಸಮಾಜಶಾಸ್ತ್ರದ ಪ್ರಶ್ನೆಪತ್ರಿಕೆಯಲ್ಲಿ ಬರುತ್ತದೆಯೇ? ಬರದಿದ್ದರೆ ಆ ಏಳು ದಿನ ಪ್ರವಾಸ.

ನಮ್ಮ ಕಾಡಿನ ಎರಡು ಪಾಠ

ಇದು ಬರಿಯ ಬಡ್ತಿಯ ಜಗಳವಲ್ಲ, ಜೀವದ ಪ್ರಶ್ನೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದವು. ಕಾಡಿಗೆ ಹೋಗಿಬಂದ ಜನ ಜ್ವರದಿಂದ ಮಲಗಿದರು. ಪುಣೆಯ ವೈರಸ್ ಸಂಶೋಧನ ಕೇಂದ್ರದ ವಿಜ್ಞಾನಿಗಳು ಬಂದರು, ಹೊಸ ವೈರಸ್ಸನ್ನು ಕಂಡುಹಿಡಿದರು, ಉಣುಗಿನಿಂದ ಅದು ಹರಡುತ್ತದೆ ಎಂದು ತೋರಿಸಿದರು. ಅದು ದೊಡ್ಡ ಕೆಲಸ, ನಾವು ಕೃತಜ್ಞರು. ನಮ್ಮ ಒಂದು ಹಳ್ಳಿಯ ಹೆಸರು ಜಗತ್ತಿನ ವೈದ್ಯಗ್ರಂಥಗಳಲ್ಲಿ ಸೇರಿತು. ಆದರೆ ಆರು ದಶಕಗಳ ಮೇಲೆ, 2018ರ ಕೊನೆ ಮತ್ತು 2019ರ ಮೊದಲ ತಿಂಗಳುಗಳಲ್ಲಿ, ಅದೇ ಕಾಯಿಲೆ ಸಾಗರ ತಾಲ್ಲೂಕಿನ ಅರಳಗೋಡಿನ ಸುತ್ತ ಮತ್ತೆ ಹಲವರನ್ನು ಕೊಂದಿತು. ಹಳೆಯ ಲಸಿಕೆಯ ಬಲ ಸಾಲದೆಂದು 2022ರಲ್ಲಿ ಅದನ್ನು ಕೊಡುವುದು ನಿಂತಿತು.

ಇಲ್ಲಿ ವಿಚಾರ ಮಾಡಬೇಕಾದದ್ದು ಒಂದಿದೆ. ಕಾಡಿನಲ್ಲಿ ಮಂಗ ಸತ್ತದ್ದನ್ನು ಮೊದಲು ನೋಡುವವರು ಯಾರು? ದರಗು ಗುಡಿಸುವ ಹೆಂಗಸು, ದನ ಕಾಯುವ ಹುಡುಗ, ಸೌದೆ ತರುವ ಕೂಲಿ. ರೋಗ ಊರಿಗೆ ಬರುವ ಮುನ್ಸೂಚನೆ ಇರುವುದು ಅವರ ಕಣ್ಣಲ್ಲಿ. ಅವರು ನೋಡಿದ್ದು ಆ ದಿನವೇ ಪ್ರಯೋಗಾಲಯಕ್ಕೆ ತಲುಪಬೇಕು, ಪ್ರಯೋಗಾಲಯ ಕಂಡದ್ದು ಆ ವಾರವೇ ಅವರಿಗೆ ತಲುಪಬೇಕು. ಈ ದಾರಿಯನ್ನು ಕಟ್ಟುವುದು ವಿದ್ವತ್ತಿಗೆ ಕಡಿಮೆಯಾದ ಕೆಲಸವೇ? ದರಗು ಗುಡಿಸುವವಳು ಇಲ್ಲಿ ಉಪದೇಶ ಕೇಳುವವಳಲ್ಲ, ಸಂಶೋಧನೆಯಲ್ಲಿ ಪಾಲುಗಾರಳು. ಜನಸಂಪರ್ಕ ಎಂದರೆ ಮೇಲಿನಿಂದ ಕೆಳಗೆ ಸುರಿಯುವುದಲ್ಲ. ಅದು ಹೋಗಿಬರುವ ಹಾದಿ.

ಇನ್ನೊಂದು ಪಾಠ ಹಂದಿಗೋಡು. ಸಾಗರದ ಬಳಿಯ ಈ ಊರಿನಲ್ಲಿ 1970ರ ದಶಕದ ನಡುಭಾಗದಲ್ಲಿ ಕೀಲುಗಳನ್ನು ಹಿಡಿದು ಮನುಷ್ಯನನ್ನು ನೆಲಕ್ಕೆ ತರುವ ಕಾಯಿಲೆಯೊಂದು ಬೆಳಕಿಗೆ ಬಂದಿತು. ನರಳಿದವರಲ್ಲಿ ಹೆಚ್ಚಿನವರು ದಲಿತ ಕೂಲಿ ಕುಟುಂಬಗಳವರು. ಮೊದಲು ಗದ್ದೆಗೆ ಹೊಡೆದ ವಿಷ, ಆ ಗದ್ದೆಯ ಏಡಿ ಇವುಗಳ ಮೇಲೆ ಸಂಶಯ ಹೋಯಿತು. ಮುಂದೆ ಅದು ವಂಶದಿಂದ ಬರುವ ಎಲುಬುಕೀಲಿನ ರೋಗ ಎಂದು ವಿಜ್ಞಾನಿಗಳು ತೀರ್ಮಾನಿಸಿದರು. ರಕ್ತ ಪರೀಕ್ಷೆಯಾಯಿತು, ಎಕ್ಸ್‌ರೇ ಆಯಿತು, ವರದಿಗಳಾದವು. ಅವರ ರಕ್ತದಿಂದ ನಾವು ಕಲಿತದ್ದೇನು, ಅವರ ಮಕ್ಕಳ ಮದುವೆಗೆ, ದುಡಿಮೆಗೆ, ಪಿಂಚಣಿಗೆ ಅದರ ಅರ್ಥವೇನು ಎಂಬುದನ್ನು ಅವರ ಜಗಲಿಯಲ್ಲಿ ಕುಳಿತು, ಅವರ ಮಾತಿನಲ್ಲಿ ಹೇಳುವುದು ಯಾರ ಹೊಣೆ? ಲೇಖನ ಅಚ್ಚಾದಾಗ ಸಂಶೋಧನೆ ಮುಗಿಯಿತು ಎನ್ನುವ ಕೊಳಗದಲ್ಲಿ ಈ ಹೊಣೆಗೆ ಅಳತೆಯೇ ಇಲ್ಲ. ರಕ್ತ ಕೊಟ್ಟವನಿಗೆ ಉತ್ತರ ಸಿಗುವ ತನಕ ಸಂಶೋಧನೆ ಅರ್ಧ ಎಂಬುದು ನಮ್ಮ ವಾದ.

ಯಾವ ಜನ?

‘ಜನ’ ಎಂದು ಹೇಳುವಾಗ ಸಮಾಜವಾದಿಗಳಾದ ನಾವು ಇನ್ನೊಂದು ಪ್ರಶ್ನೆ ಕೇಳಲೇಬೇಕು. ಯಾವ ಜನ? 1908ರಲ್ಲಿ ಕೆನಡಾದಿಂದ ಮೈಸೂರು ಸಂಸ್ಥಾನಕ್ಕೆ ಬಂದ ಲೆಸ್ಲಿ ಕೋಲ್‌ಮನ್ ಮಲೆನಾಡಿನ ಅಡಿಕೆಯ ಕೊಳೆರೋಗವನ್ನು ಅಭ್ಯಾಸ ಮಾಡಿದರು. ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣವನ್ನು ತೋಟಕ್ಕೆ ತಂದರು. ಆಗ ನಮ್ಮಲ್ಲಿ ವಿಶ್ವವಿದ್ಯಾನಿಲಯವೇ ಇರಲಿಲ್ಲ. ತೋಟಕ್ಕೇ ಹೋಗಿ ಅಲ್ಲಿನ ಕಷ್ಟವನ್ನು ತಮ್ಮ ಪ್ರಶ್ನೆಯಾಗಿ ಮಾಡಿಕೊಂಡದ್ದು ಅವರ ದೊಡ್ಡತನ. ನೂರು ವರ್ಷ ಕಳೆದರೂ ಆ ಮದ್ದನ್ನು ಮಲೆನಾಡು ಬಿಟ್ಟಿಲ್ಲ.

ಆದರೆ ಮಳೆಗಾಲದಲ್ಲಿ, ಜಾರುವ ಮರವನ್ನು ಹತ್ತಿ, ಒಂದರಿಂದ ಇನ್ನೊಂದಕ್ಕೆ ತೂಗಿ, ಮೈಮೇಲೆ ಮೈಲುತುತ್ತ ಸುರಿಸಿಕೊಂಡು ಮದ್ದು ಹೊಡೆದವನು ಕೊನೆಗೌಡ. ತೋಟದ ಒಡೆಯನ ಪ್ರಶ್ನೆಗೆ ಉತ್ತರ ಸಿಕ್ಕಿತು. ಮರದಿಂದ ಬಿದ್ದು ಬೆನ್ನು ಮುರಿದುಕೊಂಡವನ ಪ್ರಶ್ನೆಯನ್ನು ಯಾರು ಕೈಗೆತ್ತಿಕೊಂಡರು? ಈಚೆಗೆ ನೆಲದಲ್ಲೇ ನಿಂತು ಮದ್ದು ಹೊಡೆಯುವ ಉದ್ದನೆಯ ದೋಟಿಗಳು ಬಂದಿವೆ. ಕೊನೆಗೌಡ ಸಿಗುವುದಿಲ್ಲವೆಂಬ ಚಿಂತೆಯೇ ಅದಕ್ಕೆ ದೊಡ್ಡ ಕಾರಣ, ಅವನ ಬೆನ್ನಿನ ಚಿಂತೆಯಲ್ಲ. ವಿದ್ಯೆ ಜನರ ಬಳಿಗೆ ಬಂದಾಗ ಮೊದಲು ಎದುರಾಗುವವರು ಜಗಲಿಯಿದ್ದವರು, ಕುರ್ಚಿ ಹಾಕಬಲ್ಲವರು. ಅವರಲ್ಲೇ ನಿಂತರೆ ಅದು ಹಳೆಯ ಕೊಳಗಕ್ಕೆ ಹೊಸ ಬಣ್ಣ ಬಳಿದಂತೆ.

ಎರಡು ಆಕ್ಷೇಪ

ಕೆಲವು ವಿದ್ವಾಂಸ ಮಿತ್ರರು ಹೇಳುತ್ತಾರೆ, ಪ್ರಾಧ್ಯಾಪಕರು ಸಂತೆಗೆ ಹೋದರೆ ವಿದ್ವತ್ತು ತೆಳುವಾಗುತ್ತದೆ ಎಂದು. ಗಣಿತದ ಅಧ್ಯಾಪಕರು ಹೋಗಿ ಎಮ್ಮೆ ಎಣಿಸಲಿ ಎಂದು ನಾವು ಕೇಳುತ್ತಿಲ್ಲ. ಇಂದು ಉಪಯೋಗ ಕಾಣದ ಶುದ್ಧ ಜ್ಞಾನಕ್ಕೂ ಜನರ ಹಣದಲ್ಲಿ ಪಾಲು ಸಲ್ಲಬೇಕು. ಆದರೆ ಮಂಡ್ಯದ ಬಯಲಿನಲ್ಲಿ ನಿಂತು, ಭಾರತದ ರಾಗಿಗೂ ಆಫ್ರಿಕದ ರಾಗಿಗೂ ಸಂಬಂಧ ಕೂಡಿಸಿ ಇಂಡಾಫ್ ತಳಿಗಳನ್ನು ಕೊಟ್ಟ ಲಕ್ಷ್ಮಣಯ್ಯನವರ ವಿಜ್ಞಾನ ಹೊಲಕ್ಕೆ ಇಳಿದುದರಿಂದ ತೆಳುವಾಯಿತೇ? ಆ ರಾಗಿಯ ಮುದ್ದೆ ಉಂಡವರು ಆ ಮಾತನ್ನು ಒಪ್ಪಲಾರರು.

ಇನ್ನು ಕೆಲವರು, ಕನ್ನಡಕ್ಕೆ ಶಕ್ತಿ ಸಾಲದು ಎನ್ನುತ್ತಾರೆ. 1918ರಲ್ಲಿ ಸಾಕಾಗಿದ್ದ ಕನ್ನಡ, 1946ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಇಂಗ್ಲಿಷ್-ಕನ್ನಡ ನಿಘಂಟು ಬಂದ ಮೇಲೆ, 1969ರಿಂದ ವಿಶ್ವಕೋಶದ ಸಂಪುಟಗಳು ಬಂದ ಮೇಲೆ ಸಾಲದಾಯಿತೇ? ಸಾಲದಿರುವುದು ಭಾಷೆಯಲ್ಲ, ಮನಸ್ಸು. ಇಂಗ್ಲಿಷಿನ ಗೋಡೆ ಇರುವವರೆಗೆ ಪ್ರಶ್ನೆ ಕೇಳುವವರು ಒಳಗೆ ಬರುವುದಿಲ್ಲ ಎಂಬ ನೆಮ್ಮದಿಯೂ ಅದರಲ್ಲಿ ಇರಬಹುದು.

ನಾವು ಕೇಳುವುದೇನು?

ಬರಿಯ ಟೀಕೆಯಿಂದ ಕೊಳಗ ಬದಲಾಗುವುದಿಲ್ಲ. ಆದುದರಿಂದ ಐದು ಬೇಡಿಕೆಗಳನ್ನು ಈ ಶಿಬಿರದ ಮುಂದೆ ಇಡುತ್ತೇವೆ.

ಒಂದು: ಅಧ್ಯಾಪಕರ ಬಡ್ತಿಯಲ್ಲಿ ಜನರ ನಡುವಿನ ಕೆಲಸಕ್ಕೆ ಸಂಶೋಧನ ಲೇಖನದಷ್ಟೇ ತೂಕವಿರಲಿ. ಆ ಕೆಲಸವನ್ನು ಛಾಯಾಚಿತ್ರದಿಂದ ಅಳೆಯಬಾರದು. ಯಾರಿಗಾಗಿ ಆ ಕೆಲಸ ನಡೆಯಿತೋ ಅವರ ಮಾತನ್ನೂ ಕೇಳಿ ಅಳೆಯಬೇಕು.

ಎರಡು: ಒಂದು ಊರಿನ ಮೇಲೆ, ಒಂದು ಸಮುದಾಯದ ಮೇಲೆ ಬರೆದ ಪ್ರತಿಯೊಂದು ಮಹಾಪ್ರಬಂಧದ ಕನ್ನಡ ಸಾರಾಂಶ ಆ ಊರಿನ ಗ್ರಾಮಸಭೆಯಲ್ಲಿ ಓದಲ್ಪಡಲಿ. ಜನ ಎದ್ದು ‘ಇದು ಸುಳ್ಳು’ ಎಂದರೆ ಅದನ್ನೂ ಪ್ರಬಂಧದಲ್ಲಿ ಸೇರಿಸಲಿ.

ಮೂರು: ಪ್ರತಿ ಗ್ರಾಮ ಪಂಚಾಯಿತಿಯಲ್ಲಿ ಒಂದು ಪ್ರಶ್ನೆಗಳ ಪುಸ್ತಕವಿರಲಿ. ಬಾವಿಯ ನೀರು ಕೆಂಪಾದದ್ದೇಕೆ, ಎಲೆಚುಕ್ಕಿ ಹೋಗುವುದು ಹೇಗೆ, ನಮ್ಮ ಅರ್ಜಿ ವಜಾ ಆದದ್ದು ಸರಿಯೇ? ಜಿಲ್ಲೆಯ ವಿಶ್ವವಿದ್ಯಾನಿಲಯ ಗೊತ್ತು ಮಾಡಿದ ದಿನದೊಳಗೆ ಉತ್ತರ ಕೊಡಲಿ. ಉತ್ತರವಿಲ್ಲದ ಪ್ರಶ್ನೆ ಮುಂದಿನ ವರ್ಷದ ಸಂಶೋಧನೆಯ ವಿಷಯವಾಗಲಿ. 2006ರ ಅರಣ್ಯ ಹಕ್ಕು ಕಾಯಿದೆ, ಬುಡಕಟ್ಟಿನವರಲ್ಲದ ಅರಣ್ಯವಾಸಿಗಳು ಮೂರು ತಲೆಮಾರಿನ, ಎಂದರೆ 75 ವರ್ಷದ ವಾಸಕ್ಕೆ ಸಾಕ್ಷ್ಯ ತರಬೇಕು ಎನ್ನುತ್ತದೆ. ಹಳೆಯ ದಾಖಲೆ ಹುಡುಕುವುದು ಇತಿಹಾಸ ವಿಭಾಗದ ವಿದ್ಯೆ, ಅರ್ಜಿ ಬರೆಯುವುದು ಕಾನೂನು ವಿಭಾಗದ ವಿದ್ಯೆ. ಈ ಎರಡು ವಿದ್ಯೆಯನ್ನೂ ಕಲಿಯದ ರೈತ ಒಬ್ಬನೇ ಕಚೇರಿಯಿಂದ ಕಚೇರಿಗೆ ಅಲೆಯುತ್ತಾನೆ. ಲಿಂಗನಮಕ್ಕಿಯಲ್ಲಿ ಮನೆ ಮುಳುಗಿ ಬೇರೆ ಕಾಡಿಗೆ ಬಂದವರಿಗಂತೂ ಹೊಸ ನೆಲದಲ್ಲಿ 75 ವರ್ಷವೇ ಆಗಿಲ್ಲ. ಅವರಿಗೆ ದಾರಿ ಯಾವುದು ಎಂಬುದು ಯಾವ ಕಾನೂನು ವಿದ್ಯಾರ್ಥಿಗೂ ಯೋಗ್ಯವಾದ ಪ್ರಬಂಧ.

ನಾಲ್ಕು: ಸಿಂಡಿಕೇಟಿಗೆ ಸರ್ಕಾರ ಸದಸ್ಯರನ್ನು ನೇಮಿಸುವಾಗ ರೈತ, ಕೂಲಿಕಾರ, ಆಶಾ ಕಾರ್ಯಕರ್ತೆ ಇಂಥವರಿಗೂ ಜಾಗವಿರಲಿ. ಮಂತ್ರಿಗಳ ಬಾಗಿಲು ಕಾದವರಿಗೆ ಮಾತ್ರ ಅದು ಮೀಸಲಾಗಬಾರದು.

ಐದು: ಅತಿಥಿ ಉಪನ್ಯಾಸಕರ ಗೋಳು ತೀರಲಿ. ಮುಂದಿನ ವರ್ಷ ಕೆಲಸವಿದೆಯೋ ಇಲ್ಲವೋ ತಿಳಿಯದವನಿಗೆ ಹಳ್ಳಿಗೆ ಹೋಗಿ ಜನಸೇವೆ ಮಾಡು ಎಂದು ಉಪದೇಶಿಸುವುದು ಅಧರ್ಮ. ಖಾಲಿ ಹುದ್ದೆ ತುಂಬದ ಸರ್ಕಾರಕ್ಕೆ ವಿಸ್ತರಣೆಯ ಮಾತಾಡುವ ಹಕ್ಕಿಲ್ಲ.

ಕೊನೆಯದಾಗಿ ನಮ್ಮ ತಪ್ಪನ್ನೂ ಒಪ್ಪಿಕೊಳ್ಳಬೇಕು. ಚಳವಳಿಯವರಾದ ನಾವು ವಿಶ್ವವಿದ್ಯಾನಿಲಯವನ್ನು ಕಂಡದ್ದು ಹೇಗೆ? ಸಭೆಗೆ ಒಬ್ಬ ಭಾಷಣಕಾರನನ್ನು ತರಲು ಹೋದೆವು, ಮುಷ್ಕರಕ್ಕೆ ಹುಡುಗರನ್ನು ತರಲು ಹೋದೆವು. ಅದರ ಪಠ್ಯಕ್ರಮವೇನು, ಆಯವ್ಯಯವೇನು, ಬಡ್ತಿಯ ನಿಯಮವೇನು ಎಂದು ಕೇಳಲು ಹೋಗಲಿಲ್ಲ. ಗೇಣಿದಾರ ಕೊಳಗವನ್ನು ಕೈಗೆತ್ತಿ ನೋಡಿದಂತೆ ನಾವು ಆ ಕೊಳಗವನ್ನು ಎತ್ತಿ ನೋಡಲಿಲ್ಲ.

ಈ ಶಿಬಿರದಿಂದ ಹಿಂದಿರುಗಿದ ಮೇಲೆ ಒಂದು ಕೆಲಸ ಮಾಡೋಣ. ಮೂರನೆಯ ಬೇಡಿಕೆಯ ಪುಸ್ತಕಕ್ಕೆ ಸರ್ಕಾರದ ಅಪ್ಪಣೆ ಬೇಕಿಲ್ಲ. ಒಂದು ನೋಟುಬುಕ್ಕಿನ ಬೆಲೆ ಸಾಕು. ನಿಮ್ಮ ನಿಮ್ಮ ಪಂಚಾಯಿತಿಯಲ್ಲಿ ಅದನ್ನು ಇಡಿ. ಬರೆಯಲು ಬಾರದವರ ಪ್ರಶ್ನೆಯನ್ನು ಇಲ್ಲಿರುವ ವಿದ್ಯಾರ್ಥಿಗಳು ಬರೆದುಕೊಳ್ಳಲಿ. ಮೊದಲು ಕೊನೆಗೌಡನ ಪ್ರಶ್ನೆ, ದರಗು ಗುಡಿಸುವವಳ ಪ್ರಶ್ನೆ. ಮೂರು ತಿಂಗಳ ಮೇಲೆ ಎಲ್ಲ ಪುಸ್ತಕಗಳನ್ನೂ ಹೊತ್ತು ನಾವೇ ವಿಶ್ವವಿದ್ಯಾನಿಲಯದ ಬಾಗಿಲಿಗೆ ಹೋಗೋಣ. ಘೋಷಣೆ ಕೂಗುವುದು ಆಮೇಲೆ. ಮೊದಲು ಪ್ರಶ್ನೆಗಳನ್ನು ಮೇಜಿನ ಮೇಲಿಟ್ಟು ಉತ್ತರಕ್ಕೆ ಕಾಯೋಣ.